ಬೇಸಿಗೆ ರಜೆ: ಎಂಟು ಸಾವಿರದ ಕ್ಯಾಂಪೋ, ಎಂಬತ್ತು ರೂಪಾಯಿ ಮಣ್ಣೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಣ್ಣಿಗೆ. ಈ ರಜೆಯಲ್ಲಿ ನಮ್ಮ ಮನೆಯ ಇಬ್ಬರು ಮಕ್ಕಳಿಗೆ ಮೂರು ಥರದ ಕೆಲಸ ಹಚ್ಚಿ ನೋಡಿದೆ. ದುಡ್ಡು ಕಟ್ಟಿದ ಸಮ್ಮರ್ ಕ್ಯಾಂಪು ಒಂದು. ಮನೆಯಲ್ಲೇ ಮಣ್ಣು, ಸಂಡಿಗೆ ಅಂತ ಕೈ ಕೊಳೆ ಮಾಡಿಕೊಳ್ಳುವುದು ಇನ್ನೊಂದು. ವಾರಕ್ಕೊಂದು ಸಲ ಬಸ್ಸು ಹತ್ತಿ ಸುತ್ತಾಡುವುದು ಮೂರನೆಯದು. ಯೋಚನೆ ಮಾಡಿ ಹಾಕಿಕೊಂಡ ಪಟ್ಟಿ ಅಲ್ಲ ಇದು. ಮೊದಲನೆಯದು ಕೆಟ್ಟಿತು, ಹಾಗಾಗಿ ಉಳಿದೆರಡು ಹುಟ್ಟಿಕೊಂಡವು.

ನಾವಿರುವುದು ಮೈಸೂರಿನಲ್ಲಿ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಏಪ್ರಿಲ್, ಮೇ ಅಂದರೆ ಮದುವೆ ಸೀಸನ್, ಮಿಷನ್ನು ನಿಲ್ಲುವುದೇ ಇಲ್ಲ. ಮಗಳಿಗೆ ಒಂಬತ್ತು, ಮಗನಿಗೆ ಐದೂವರೆ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಇಬ್ಬರೂ ಮನೆಯಲ್ಲಿ ಇಲ್ಲದಿದ್ದರೆ ಸಾಕು ಅನ್ನಿಸುತ್ತದೆ. ನಿಜ ಹೇಳಬೇಕಲ್ವಾ? ಕ್ಯಾಂಪಿಗೆ ಸೇರಿಸಿದ್ದು ಅದಕ್ಕೇ.

ನಾಟಕ ಸಂಸ್ಥೆ ರಂಗಾಯಣ ಬೇಸಿಗೆಯಲ್ಲಿ ನಡೆಸುವ ಮಕ್ಕಳ ಶಿಬಿರ, ಚಿಣ್ಣರ ಮೇಳಕ್ಕೆ ಮಗಳನ್ನು ಹಾಕುವ ಆಸೆ ಇತ್ತು. ಅರ್ಜಿ ಕೊಡುವುದನ್ನೇ ಮರೆತೆ. ತಪ್ಪು ನನ್ನದು. ಹಾಗಾಗಿ ಈ ಹೋಲಿಕೆಯಲ್ಲಿ ಅದು ಇಲ್ಲ.

ನಾವು ಸೇರಿಸಿದ್ದು ಮನೆ ಹತ್ತಿರದ ಒಂದು ಕ್ಯಾಂಪಿಗೆ. ಹದಿನೈದು ದಿನ, ಇಬ್ಬರಿಗೂ ಸೇರಿ 8,000 ರೂಪಾಯಿ. ಡ್ಯಾನ್ಸು, ಶ್ಲೋಕ, ಚಿತ್ರ, ಕೊನೆಗೆ ದೊಡ್ಡ ಅಕ್ಷರದಲ್ಲಿ 'ಕುಂಬಾರಿಕೆ'. ಡ್ಯಾನ್ಸು ಚೆನ್ನಾಗಿತ್ತು. ಮಗನಿಗೆ ಇಬ್ಬರು ಗೆಳೆಯರು ಸಿಕ್ಕರು. ನನಗೂ ಹೊಲಿಗೆ ಸಾಗಿತು. ಇಷ್ಟು ಒಳ್ಳೆಯ ಮಾತು.

ಈಗ ಆ ಮಡಕೆಯ ಕಥೆ. ಮಗಳು ಕ್ಯಾಂಪಿಗೆ ಒಪ್ಪಿದ್ದೇ ಆ ಒಂದು ಪದ ನೋಡಿ. ದಿನಾ ಕೇಳುತ್ತಿದ್ದಳು, 'ಅಮ್ಮ, ನಾಳೆ ಮಡಕೆನಾ?' ಕೊನೆಗೆ ಹನ್ನೊಂದನೇ ದಿನ ಬಂತು. ಮೂವತ್ತು ಮಕ್ಕಳು, ತಿಗರಿ (ಕುಂಬಾರರ ಚಕ್ರ) ಒಂದೇ. ಸಾಲು ನಿಲ್ಲಿಸಿ, ಒಬ್ಬೊಬ್ಬರ ಕೈ ಹಿಡಿದು ಮಣ್ಣಿನ ಮೇಲಿಟ್ಟು, ಮಿಸ್ಸೇ ಎಳೆದು ಮೇಲೆತ್ತಿ, ದಾರದಲ್ಲಿ ಕೊಯ್ದು ಕೈಗೆ ಕೊಟ್ಟಿದ್ದಾರೆ. ಮೂರು ನಿಮಿಷದ ಕೆಲಸ. ಫೋಟೋ ಮಾತ್ರ ಬಹಳ ಚೆನ್ನಾಗಿ ಬಂದಿತ್ತು.

ಅದೂ ಹೋಗಲಿ. ಮಗಳಿಗೆ ಖುಷಿ ಆಗಿತ್ತು, ನಾನು ಯಾಕೆ ಕಲ್ಲು ಹಾಕಲಿ? ಆ ಪುಟ್ಟ ಮಡಕೆಯನ್ನು ಎರಡು ದಿನ ಕಿಟಕಿಯಲ್ಲಿ ಒಣಗಿಸಿದಳು. ಕೆಂಪು ಬಣ್ಣ ಹಚ್ಚಿದಳು. ಮೂರನೇ ದಿನ ಗುಬ್ಬಿಗೆ ನೀರಿಡುತ್ತೇನೆ ಅಂತ ತುಂಬಾ ನೀರು ಹಾಕಿ ಮಹಡಿ ಕಟ್ಟೆಯ ಮೇಲಿಟ್ಟು ಬಂದಳು. ಸಂಜೆ ಹೋಗಿ ನೋಡಿದರೆ ಮಡಕೆ ಇಲ್ಲ. ಕಟ್ಟೆಯ ಮೇಲೆ ಒಂದು ಹಿಡಿ ಕೆಸರು, ಅದರ ಸುತ್ತ ಕೆಂಪು ನೀರು. ಯಾರೋ ಕದ್ದರು ಅಂತ ಮೊದಲು ಅತ್ತಳು. ಕದ್ದಿಲ್ಲ, ಕರಗಿದೆ ಅಂತ ಗೊತ್ತಾದ ಮೇಲೆ ಇನ್ನೂ ಜಾಸ್ತಿ ಅತ್ತಳು.

ಕ್ಯಾಂಪಿನವರಿಗೆ ಫೋನ್ ಮಾಡಿದೆ. 'ಮೇಡಂ, ಅದು ಶೋಪೀಸು, ನೀರು ಹಾಕಬಾರದು' ಅಂದರು. ಸುಡದ ಮಡಕೆ ಅಂತ ಒಂದು ಮಾತು ಮಕ್ಕಳಿಗೆ ಹೇಳಬಹುದಿತ್ತಲ್ಲ? ಕುಂಬಾರಿಕೆ ಅಂತ ದುಡ್ಡು ತೆಗೆದುಕೊಂಡು ಬೆಂಕಿಯ ಸುದ್ದಿಯನ್ನೇ ಎತ್ತದಿದ್ದರೆ, ಅದು ಅಡುಗೆ ಹೇಳಿಕೊಡುತ್ತೇನೆ ಅಂತ ಅಕ್ಕಿ ತೊಳೆಸಿ ಕಳಿಸಿದ ಹಾಗೆ. ಉಳಿದ ದಿನಗಳಿಗೆ ಮಗಳು ಹೋಗಲೇ ಇಲ್ಲ. ದುಡ್ಡು ವಾಪಸ್ ಕೇಳುವ ಮುಖ ನನಗಿರಲಿಲ್ಲ.

ಬೇಸಿಗೆಯಲ್ಲಿ ನಮ್ಮ ಬೀದಿ ತುದಿಯಲ್ಲಿ ಒಬ್ಬ ಅಜ್ಜ ನೀರಿನ ಮಡಕೆ ಮಾರಲು ಕೂರುತ್ತಾರೆ. ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅವರು ನಗಲಿಲ್ಲ. ಒಂದು ಮಡಕೆಯನ್ನು ಬೆರಳಲ್ಲಿ ಟಣ್ ಅನ್ನಿಸಿ ತೋರಿಸಿದರು. 'ಬೆಂಕಿ ಕಂಡದ್ದು ಹಿಂಗೆ ಮಾತಾಡ್ತದೆ ಕಣವ್ವ. ಕಾಣದೆ ಇದ್ದದ್ದು ನೀರು ಕಂಡ್ರೆ ಮತ್ತೆ ಮಣ್ಣೇ' ಅಂದರು. ನೀವು ಮಾಡಿ ಒಣಗಿಸಿ ಇಟ್ಟಿರಿ, ಊರಲ್ಲಿ ನಮ್ಮ ಆವಿಗೆ (ಮಡಕೆ ಸುಡುವ ಗೂಡು) ಹಾಕುವಾಗ ಜೊತೆಗೆ ಇಟ್ಟು ಸುಟ್ಟು ತರ್ತೀನಿ ಅಂತಲೂ ಹೇಳಿದರು.

ಮಣ್ಣು ತಂದದ್ದು ಕುಂಬಾರಗೇರಿಯಿಂದ. ಒಂದು ದೊಡ್ಡ ಮುದ್ದೆಗೆ 80 ರೂಪಾಯಿ ಕೊಟ್ಟೆ. ಒದ್ದೆ ಗೋಣಿಚೀಲ ಸುತ್ತಿ ಬಚ್ಚಲ ಮೂಲೆಯಲ್ಲಿಟ್ಟರೆ ತಿಂಗಳಾದರೂ ಮೆತ್ತಗೇ ಇತ್ತು. ತಿಗರಿ ಬೇಡ, ಚಪಾತಿ ಮಣೆ ಸಾಕು. ಮಣ್ಣನ್ನು ಹಾವಿನ ಹಾಗೆ ಹೊಸೆದು, ಸುತ್ತು ಸುತ್ತಾಗಿ ಏರಿಸಿ, ಬೆರಳಲ್ಲಿ ಸವರಿದರೆ ಬಟ್ಟಲು.

ಮೊದಲ ವಾರ ಎಲ್ಲಾ ಬಿರುಕು ಬಿಟ್ಟವು. ಬಿಸಿಲಿಗೆ ಇಟ್ಟಿದ್ದೆವು, ಅದೇ ತಪ್ಪು. ಬಿಸಿಲಲ್ಲಿ ಹೊರಗಿನ ಪದರ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ. ಎಳೆದಾಟದಲ್ಲಿ ಸೀಳುತ್ತದೆ. ಆಮೇಲೆ ನೆರಳಲ್ಲಿಟ್ಟು ಮೇಲೆ ತೆಳು ಬಟ್ಟೆ ಮುಚ್ಚಿದೆವು. ಕೈಕಾಲು, ಕಿವಿ ಅಂಟಿಸುವಾಗ ಸುಮ್ನೆ ಒತ್ತಿದರೆ ನಿಲ್ಲುವುದಿಲ್ಲ. ಎರಡೂ ಕಡೆ ಪಿನ್ನಿನಲ್ಲಿ ಗೀರು ಹಾಕಿ, ಮಣ್ಣನ್ನೇ ಗಂಜಿಯ ಹಾಗೆ ಕದಡಿ ಹಚ್ಚಿ ಒತ್ತಬೇಕು. ದಪ್ಪ ಹೊಟ್ಟೆ ಮಾಡಿದರೆ ಒಳಗೆ ಟೊಳ್ಳು ಮಾಡಿ ಒಂದು ತೂತು ಬಿಡಬೇಕು. ಇಲ್ಲದಿದ್ದರೆ ಒಳಗಿನ ಪಸೆ ಆವಿಯಾಗಿ ಬೆಂಕಿಯಲ್ಲಿ ಸಿಡಿಯುತ್ತದೆ. ಇದೆಲ್ಲಾ ಆ ಅಜ್ಜ ನಿಂತ ನಿಂತಲ್ಲೇ ಹೇಳಿಕೊಟ್ಟದ್ದು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವ ಗಾದೆಯನ್ನು ಶಾಲೆಯಲ್ಲಿ ಎಷ್ಟು ಸಲ ಬಾಯಿಪಾಠ ಮಾಡಿದ್ದೆ! ಮಗಳು ನಾಲ್ಕು ದಿನ ಕೂತು ಮಾಡಿದ ಬಟ್ಟಲಿಗೆ ಮಗನ ಚೆಂಡು ಬಿದ್ದಾಗ ಅದರ ಅರ್ಥ ಇಡೀ ಬೀದಿಗೆ ಕೇಳಿಸಿತು.

ಸಂಡಿಗೆ ನಮ್ಮ ಅತ್ತೆಯ ಇಲಾಖೆ. ರಾತ್ರಿ ಅಕ್ಕಿ ನೆನೆಹಾಕಿ ರುಬ್ಬಿ, ಬೆಳಗಿನ ಜಾವ ಉಪ್ಪು, ಜೀರಿಗೆ, ಹಸಿಮೆಣಸಿನಕಾಯಿ ಹಾಕಿ ಹಿಟ್ಟು ಬೇಯಿಸಿ, ಬಿಸಿಲೇರುವ ಮೊದಲೇ ಮಹಡಿಯ ಮೇಲೆ ಹಳೆ ಪಂಚೆ ಹಾಸಿ ಇಡುತ್ತಾರೆ. ಮಗನಿಗೆ ಕಾಗೆ ಕಾಯುವ ಡ್ಯೂಟಿ. ಕಾಗೆ ತಿಂದಿದ್ದಕ್ಕಿಂತ ಅವನು ತಿಂದದ್ದೇ ಜಾಸ್ತಿ. ಅರೆ ಒಣಗಿದ ಸಂಡಿಗೆಯ ರುಚಿ ಗೊತ್ತಿರುವವರು ಅವನನ್ನು ಬೈಯಲಾರರು. ಎಂಟೂವರೆಗೆ ಎಲ್ಲಾ ಮುಗಿಯುತ್ತದೆ, ಆಮೇಲೆ ಮಿಷನ್ನು ನನ್ನದು.

ಇನ್ನು ಸುತ್ತಾಟ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನನಗೂ ಮಗಳಿಗೂ ಟಿಕೆಟ್ ದುಡ್ಡಿಲ್ಲ. ಮಗನಿಗೆ ಇನ್ನೂ ಆರು ತುಂಬಿಲ್ಲ, ಅವನೂ ಫ್ರೀ. ದುಡ್ಡು ಕೊಡುವವರು ನಮ್ಮ ಯಜಮಾನರೊಬ್ಬರೇ, ಅದೂ ಅವರು ಬಂದರೆ.

ಮೃಗಾಲಯ ಎಲ್ಲರಿಗೂ ಗೊತ್ತು. 1892ರಷ್ಟು ಹಳೆಯದು, ಮರಗಳ ನೆರಳು ಬೇಕಾದಷ್ಟು. ಆದರೆ ಐದೂವರೆ ವರ್ಷದವನಿಗೆ ಆ ನಡಿಗೆ ಬಹಳ. ಜಿರಾಫೆಯವರೆಗೆ ಅವನು ನಡೆದ, ಅಲ್ಲಿಂದ ಮುಂದೆ ನಾನು ಅವನನ್ನು ಹೊತ್ತೆ. ಮಂಗಳವಾರ ರಜೆ, ನೆನಪಿರಲಿ.

ಸಿಎಫ್‌ಟಿಆರ್‌ಐ ಎದುರಿನ ರೈಲ್ವೆ ಮ್ಯೂಸಿಯಂ ಅವನಿಗೆ ಸರಿಯಾದ ಜಾಗ. ಹಳೆಯ ಉಗಿ ಇಂಜಿನ್ನುಗಳು ಬಯಲಲ್ಲೇ ನಿಂತಿವೆ. ಮಹಾರಾಣಿಯವರ ಸಲೂನ್ ಬೋಗಿ ಇದೆ. ಕಾರಿನ ಹಾಗೆ ಕಾಣುವ, ಹಳಿಯ ಮೇಲೆ ಓಡುತ್ತಿದ್ದ ಆಸ್ಟಿನ್ ಗಾಡಿಯ ಮುಂದೆ ಅವನು ಅರ್ಧ ಗಂಟೆ ನಿಂತ. ಕಾರಾ, ರೈಲಾ ಅಂತ ಇನ್ನೂ ತೀರ್ಮಾನ ಆಗಿಲ್ಲ.

ಮಗಳಿಗೆ ರಂಗನತಿಟ್ಟು. ಶ್ರೀರಂಗಪಟ್ಟಣದಲ್ಲಿ ಇಳಿದು ಆಟೋ ಹಿಡಿಯಬೇಕು. ದೋಣಿಗೆ ಕಾಯಬೇಕು. ಭಾನುವಾರವಂತೂ ಹೋಗಲೇಬೇಡಿ. ಆದರೆ ದೋಣಿ ಹೊರಟ ಮೇಲೆ ಬೇರೆಯೇ ಲೋಕ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಬಂಡೆಯ ಮೇಲೆ ಬಾಯಿ ತೆರೆದು ಬಿದ್ದಿರುವ ಮೊಸಳೆ. ಚಮಚದ ಕೊಕ್ಕಿನ ಹಕ್ಕಿ ನೋಡಿ ಮಗಳು, 'ಅಜ್ಜಿಯ ಸಂಡಿಗೆ ಸೌಟು!' ಅಂತ ಕೂಗಿದಳು. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಇದನ್ನು ಪಕ್ಷಿಧಾಮ ಮಾಡಿದರಂತೆ ಅಂತ ಹೇಳಲು ಹೊರಟೆ. ಅವಳಿಗೆ ಪುರುಸೊತ್ತಿರಲಿಲ್ಲ. ಮನೆಗೆ ಬಂದವಳೇ ಮಣ್ಣು ತೆಗೆದು ಆ ಕೊಕ್ಕು ಮಾಡಲು ಕೂತಳು.

ನೀವಿಬ್ಬರೂ ಹೊರಗೆ ಕೆಲಸಕ್ಕೆ ಹೋಗುವವರಾದರೆ, ಮನೆಯಲ್ಲಿ ಹಿರಿಯರು ಇಲ್ಲದಿದ್ದರೆ, ಕ್ಯಾಂಪೇ ಗತಿ. ಸೇರಿಸುವ ಮೊದಲು ಎಷ್ಟು ಮಕ್ಕಳು, ಎಷ್ಟು ತಿಗರಿ ಅಂತ ಕೇಳಿ. ಮಾಡಿದ ಮಡಕೆಯನ್ನು ಸುಡುತ್ತಾರಾ ಅಂತಲೂ ಕೇಳಿ. ನನ್ನ ಕೆಲಸ ಮನೆಯಲ್ಲೇ. ಅತ್ತೆ ಇದ್ದಾರೆ, ನೆಲ ಒರೆಸುವ ತಾಳ್ಮೆಯೂ ಇದೆ. ಮಣ್ಣು, ಸುಡುವ ಕೂಲಿ, ಸಂಡಿಗೆ ಅಕ್ಕಿ, ಮೂರು ಸುತ್ತಾಟದ ಟಿಕೆಟ್ಟು, ಆಟೋ, ಐಸ್‌ಕ್ರೀಮು ಎಲ್ಲಾ ಸೇರಿ ಎರಡೂವರೆ ಸಾವಿರ ದಾಟಲಿಲ್ಲ. ಬ್ಲೌಸು ಮಾತ್ರ ಎಂಟು ಕಮ್ಮಿ ಹೊಲಿದೆ, ಅದೂ ಲೆಕ್ಕಕ್ಕೆ ಬರಬೇಕು.

ಆವಿಗೆಯಿಂದ ಹತ್ತು ದಿನ ಬಿಟ್ಟು ವಾಪಸ್ ಬಂದ ಏಳರಲ್ಲಿ ಐದು ಗಟ್ಟಿಯಾಗಿದ್ದವು. ಮಗಳ ಬಟ್ಟಲು ಈಗ ಮಹಡಿ ಕಟ್ಟೆಯ ಮೇಲಿದೆ, ನೀರು ನಿಂತಿದೆ. ಗುಬ್ಬಿ ಇನ್ನೂ ಬಂದಿಲ್ಲ, ಕಾಗೆ ಬಂದಿದೆ. ಮಗನ ಆನೆಯ ಸೊಂಡಿಲು ಬೆಂಕಿಯಲ್ಲಿ ಬಿದ್ದುಹೋಯಿತು. ಅಳುತ್ತಾನೆ ಅಂತ ಹೆದರಿದ್ದೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿ, 'ಇದು ಹಂದಿ' ಅಂದ.