ಗಾಡಿರಂಗ ಕಟ್ಟಲು ಯಾವ ದಾಖಲೆ: ಚೆಸ್ಟರ್, ನಾರ್ವಿಚ್, ಯಾರ್ಕ್

ಇಂಗ್ಲೆಂಡಿನ ಮಧ್ಯಯುಗದ ಬೈಬಲ್ ನಾಟಕಗಳನ್ನು ಬೀದಿಯಲ್ಲಿ ಗಾಡಿಯ ಮೇಲೆ ಆಡಲು ಹೊರಟವರು ಹೆಚ್ಚಾಗಿ ನೆಚ್ಚುವುದು ಮೂರು ದಾಖಲೆಗಳನ್ನು: ಚೆಸ್ಟರಿನ ಡೇವಿಡ್ ರೋಜರ್ಸ್ ಬರೆದ ವರ್ಣನೆ, ನಾರ್ವಿಚ್ ದಿನಸಿ ವರ್ತಕರ 1565ರ ಪಟ್ಟಿ, ಯಾರ್ಕಿನ ಮರ್ಸರ್ಸ್ (ಬಟ್ಟೆ ವರ್ತಕರ) ಸಂಘದ 1433ರ ಕರಾರುಪತ್ರ. ನನ್ನ ಮತ ಯಾರ್ಕಿಗೆ.

ರೋಜರ್ಸ್ ಹೇಳುವ ಗಾಡಿಗೆ ಎರಡು ಅಂತಸ್ತು: ಕೆಳಗೆ ಚೌಕಿ, ಮೇಲೆ ರಂಗ. ಅದನ್ನೇ ನಂಬಿ ಕಟ್ಟಿದರೆ ಕಷ್ಟ. ಕೆಳಗೆ ಆಳು ನಿಂತು ವೇಷ ಕಟ್ಟಬೇಕಾದರೆ ಹಲಗೆ 6 ಅಡಿ ಮೇಲೇರುತ್ತದೆ, ನಟನಿಗೆ ಇನ್ನೊಂದು 6 ಅಡಿ, ಸ್ವರ್ಗವೆಂದು ತೋರಿಸುವ ಚಾವಣಿ ಅದರ ಮೇಲೆ. ತಲೆಭಾರದ ಗಾಡಿ ತಿರುವಿನಲ್ಲಿ ವಾಲುತ್ತದೆ. ಗಾಲಿಗಳು ಆ ವರ್ಣನೆಯ ಒಂದು ಪ್ರತಿಯಲ್ಲಿ ನಾಲ್ಕು, ಇನ್ನೊಂದರಲ್ಲಿ ಆರು. ಚೆಸ್ಟರಿನಲ್ಲಿ ಕೊನೆಯ ಆಟ ನಡೆದದ್ದು 1575ರಲ್ಲಿ. ರೋಜರ್ಸ್ ಬರೆದದ್ದು ಒಂದು ತಲೆಮಾರು ಕಳೆದ ಮೇಲೆ, ತಂದೆಯ ಟಿಪ್ಪಣಿ ಇಟ್ಟುಕೊಂಡು.

ನಾರ್ವಿಚ್ ಪಟ್ಟಿ ಚೊಕ್ಕ. ನಾಲ್ಕು ಗಾಲಿಯ ಮೇಲೆ ಬಣ್ಣದ ಹಲಗೆಮನೆ, 83 ಪುಟ್ಟ ಬಾವುಟ, ಆದಾಮನ ಪಕ್ಕೆಲುಬಿನಿಂದ ಹವ್ವಳನ್ನು ಸೃಷ್ಟಿಸುವ ದೃಶ್ಯಕ್ಕೆ ಕೆಂಪು ಪಕ್ಕೆಲುಬು.

ಯಾರ್ಕಿನದು ಅಂತಿಮ ತೀರ್ಪಿನ, ಅಂದರೆ ಲೋಕದ ಕೊನೆಗೆ ದೇವರು ಎಲ್ಲರ ನ್ಯಾಯ ತೀರಿಸುವ, ನಾಟಕದ ಸಾಮಾನುಪಟ್ಟಿ. ಅಳತೆ ಕೊಡುವುದಿಲ್ಲ, ಆದರೆ ಯಾವುದು ಓಡಾಡಬೇಕು, ಯಾವುದು ಭಾರ ಹೊರಬೇಕು ಎಂದು ಹೇಳುತ್ತದೆ: ಸ್ವರ್ಗವನ್ನು ಹೊರಲು ನಾಲ್ಕು ಕಬ್ಬಿಣ, ಹಿಂಬದಿಗೆ ಕೆಂಪು ಡಮಾಸ್ಕಿನ (ನೇಯ್ಗೆಯಲ್ಲೇ ಚಿತ್ತಾರವಿರುವ ಬಟ್ಟೆಯ) ದೊಡ್ಡ ಪರದೆ, ಎರಡು ಪಕ್ಕಕ್ಕೆ ಚಿಕ್ಕವು. ಅಂದರೆ ಮೂರು ಬದಿ ಮುಚ್ಚುತ್ತದೆ. ಓರೆ ಆಧಾರದ ಪಟ್ಟಿಗಳನ್ನು ಆ ಪರದೆಗಳ ಹಿಂದೆ ಧೈರ್ಯವಾಗಿ ಹೊಡೆಯಬಹುದು.

ಕಾಡುವುದು ದೇವರ ಪೀಠ. ದೇವರು ಸ್ವರ್ಗಕ್ಕೆ ಏರುವಾಗ ಕೂರುವ ಕಬ್ಬಿಣದ ಚೌಕಟ್ಟು, ನಾಲ್ಕು ಮೂಲೆಗೆ ನಾಲ್ಕು ಹಗ್ಗ, ಅಷ್ಟೇ ಬರೆದಿದೆ. ಹಗ್ಗ ಮೇಲೆ ಹೋಗಿ ಎಲ್ಲಿ ಸೇರುತ್ತದೆ ಎಂಬ ಮಾತಿಲ್ಲ. ನಾಲ್ಕನ್ನೂ ಒಂದು ಬಳೆಗೆ ಕಟ್ಟಿ ಎಳೆದರೆ ಪೀಠ ಮಟ್ಟವಾಗಿರುತ್ತದೆ, ಆದರೆ ಗಿರ್ರನೆ ತಿರುಗಿ ದೇವರ ಬೆನ್ನು ಜನರ ಕಡೆಗಾಗುತ್ತದೆ.

ನಾಲ್ಕು ರಾಟೆಗಳ ಮೂಲಕ ತಂದು ಒಂದೇ ಉರುಳೆಗೆ ಸುತ್ತಿದರೆ ತಿರುಗುವುದು ನಿಲ್ಲುತ್ತದೆ, ವಾಲುವುದು ಶುರುವಾಗುತ್ತದೆ. ಒಂದು ಹಗ್ಗ ತನ್ನ ಮೇಲೇ ಹತ್ತಿ ಎರಡನೇ ಪದರವಾದರೆ ಅಲ್ಲಿ ಸುತ್ತಳತೆ ಹೆಚ್ಚಿ, ಆ ಮೂಲೆ ಬೇಗ ಏರುತ್ತದೆ. ಆದ್ದರಿಂದ ಉರುಳೆಯಲ್ಲಿ ನಾಲ್ಕು ಅಂಕಣ ಮಾಡಿ, ಪ್ರತಿ ಹಗ್ಗ ಒಂದೇ ಪದರದಲ್ಲಿ ಮುಗಿಯುವಂತೆ ನೋಡಿಕೊಳ್ಳಬೇಕು. 8 ಅಂಗುಲ ವ್ಯಾಸದ ಉರುಳೆಗೆ 6 ಅಡಿ ಏರಿಕೆ ಸುಮಾರು ಮೂರು ಸುತ್ತು. ಬಿಚ್ಚದಂತೆ ಎರಡು ಸುತ್ತು ಸೇರಿಸಿದರೂ ಮುಕ್ಕಾಲು ಅಂಗುಲದೊಳಗಿನ ಹಗ್ಗಕ್ಕೆ ಅಂಕಣ 4 ಅಂಗುಲವಿದ್ದರೆ ಸಾಕು. ಸೆಣಬಿನ ಹಗ್ಗಕ್ಕೆ ಮೊದಲೇ ಮರಳುಚೀಲ ನೇತುಹಾಕಿ ಹಿಗ್ಗಿಸಿ. ಮಳೆಯಲ್ಲಿ ನೆನೆದರೆ ಮತ್ತೆ ಕುಗ್ಗುತ್ತದೆ, ಮಟ್ಟ ನೋಡದೆ ಎತ್ತಬೇಡಿ. ಹಿಂದೆ ತಿರುಗದಂತೆ ತಡೆಯುವ ಹಲ್ಲುಚಕ್ರ, ನಟನ ಸೊಂಟಕ್ಕೆ ಕಟ್ಟುವ ಬೆಲ್ಟು ಎರಡೂ ದಾಖಲೆಯಲ್ಲಿ ಇಲ್ಲ. ಎರಡನ್ನೂ ಹಾಕಲೇಬೇಕು.

ಇಷ್ಟಾದರೂ ಯಾರ್ಕನ್ನೇ ಹಿಡಿಯಲು ಕಾರಣ ನಮ್ಮದು ಸಣ್ಣ ತಂಡ, ಸಣ್ಣ ಜೇಬು. ಮೂರು ಮುಖವಾಡದಲ್ಲಿ ಆರು ದೆವ್ವದ ಮುಖ ಅಡಕವಾಗಿವೆ. ಸ್ವರ್ಗದಲ್ಲಿ ಓಡುವ ಒಂಬತ್ತು ಕೆಂಪು ದೇವದೂತರು ಬಣ್ಣ ಬಳಿದ ಬೊಂಬೆಗಳು, ಎಳೆಯಲು ಒಂದು ಉದ್ದನೆಯ ದಾರ. ಒಬ್ಬ ಹುಡುಗ ಸಾಕು. ಕೆಂಪು ಡಮಾಸ್ಕ್ ಬದಲು ಬಣ್ಣ ಹಾಕಿದ ಹತ್ತಿ ಬಟ್ಟೆ ನಡೆಯುತ್ತದೆ, ಕಬ್ಬಿಣದಲ್ಲಿ ಮಾತ್ರ ಜಿಪುಣತನ ಬೇಡ. ಕರಾರುಪತ್ರದ ಪೂರ್ತಿ ಪಠ್ಯ 'ರೆಕಾರ್ಡ್ಸ್ ಆಫ್ ಅರ್ಲಿ ಇಂಗ್ಲಿಷ್ ಡ್ರಾಮಾ' ಮಾಲೆಯ 1979ರ ಯಾರ್ಕ್ ಸಂಪುಟದಲ್ಲಿದೆ.

ಆಡುವುದು ಆದಾಮ ಹವ್ವರ ಪ್ರಸಂಗವೊಂದೇ ಆದರೆ ನಾರ್ವಿಚ್ ಪಟ್ಟಿ ಹಿಡಿಯಿರಿ. ಅದರಲ್ಲಿ ಯಾರನ್ನೂ ಮೇಲೆತ್ತುವ ಕೆಲಸವಿಲ್ಲ.