ಎಸ್‌ಎಂಇ 3009 ಆರ್ಮ್‌ಗೆ ಆರ್ಟೋಫಾನ್ 2ಎಂ ಬ್ಲೂ ಹಾಕಬಹುದಾ?

ಮೊದಲೇ ಹೇಳಿಬಿಡುತ್ತೇನೆ, ಹಾಕಬಹುದು. ಎಸ್‌ಎಂಇ 3009 ಸೀರೀಸ್ 2 ಇಂಪ್ರೂವ್ಡ್ ಟೋನ್‌ಆರ್ಮ್ (ರೆಕಾರ್ಡ್ ಮೇಲೆ ಚಾಚಿಕೊಳ್ಳುವ ತೋಳು) ಇಟ್ಟುಕೊಂಡು ಯಾವ ಕಾರ್ಟ್ರಿಜ್ (ತೋಳಿನ ತುದಿಗೆ ಕೂರುವ, ಮುಳ್ಳಿರುವ ಭಾಗ) ತಗೊಳ್ಳಲಿ ಅಂತ ತಲೆ ಕೆಡಿಸಿಕೊಂಡಿರುವವರಿಗೆ ಆರ್ಟೋಫಾನ್ 2ಎಂ ಬ್ಲೂ ಕಣ್ಣು ಮುಚ್ಚಿಕೊಂಡು ಕೊಳ್ಳಬಹುದಾದ ಮಾಲು. ಇದಕ್ಕಿಂತ ದುಬಾರಿ ಕಾರ್ಟ್ರಿಜ್‌ಗಳು ಬೇಕಾದಷ್ಟಿವೆ. ಆದರೆ ಈ ಆರ್ಮ್‌ನಲ್ಲಿ ಅವುಗಳಲ್ಲಿ ಎಷ್ಟೋ ಇದರಷ್ಟು ಚೆನ್ನಾಗಿ ನುಡಿಯುವುದಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ದುಡ್ಡಲ್ಲ, ಗ್ರಾಂ.

ಆರ್ಮ್ ಬಗ್ಗೆ ಎರಡು ಮಾತು. ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಸ್ಟೇನಿಂಗ್ ಅಂತ ಒಂದು ಊರಿದೆ, ಎಸ್‌ಎಂಇ ಅಲ್ಲಿಯದು. ಮೊದಲು ಮಾಡುತ್ತಿದ್ದದ್ದು ಪುಟಾಣಿ ಮಾಡೆಲ್‌ಗಳ ಬಿಡಿಭಾಗ, 1959ರಿಂದ ಟೋನ್‌ಆರ್ಮ್. 3009ರಲ್ಲಿನ 9 ಅಂದರೆ ಒಂಬತ್ತು ಇಂಚು, ಅದರ ಅಣ್ಣ 3012 ಹನ್ನೆರಡು ಇಂಚಿನದು. ನನ್ನದು ಥೋರೆನ್ಸ್ ಟಿಡಿ 125 ಟರ್ನ್‌ಟೇಬಲ್ ಮೇಲೆ ಕೂತಿದೆ, ಆ ಕಾಲದಲ್ಲಿ ತುಂಬಾ ಜನ ಮಾಡಿಕೊಂಡಿದ್ದ ಜೋಡಿ. ಹತ್ತಿರದಿಂದ ನೋಡಿದರೆ ಖುಷಿಯಾಗುತ್ತದೆ. ಮೇಲೆ ಕೆಳಗೆ ಆಡುವ ಕಡೆ ಬಾಲ್ ಬೇರಿಂಗ್ ಇಲ್ಲ, ಚಾಕುವಿನ ಅಂಚಿನಂಥ ಒಂದು ಅಂಚಿನ ಮೇಲೆ ಇಡೀ ಆರ್ಮ್ ಸುಮ್ನೆ ಕೂತಿರುತ್ತದೆ. ಕಾರ್ಟ್ರಿಜ್ ಕೂರಿಸುವ ತುದಿ, ಅಂದರೆ ಹೆಡ್‌ಶೆಲ್, ಆರ್ಮ್‌ಗೇ ಅಂಟಿಕೊಂಡಿದೆ, ಬಿಚ್ಚಲು ಬರುವುದಿಲ್ಲ, ತೂಕ ಕಡಿಮೆ ಮಾಡಲು ಅದಕ್ಕೆ ಸಾಲಾಗಿ ತೂತು ಕೊರೆದಿದ್ದಾರೆ. ಆರ್ಮ್ ಒಳಕ್ಕೆ ಎಳೆದುಕೊಂಡು ಹೋಗದಂತೆ ತಡೆಯುವ ಆಂಟಿಸ್ಕೇಟಿಂಗ್ ಅಂದರೆ ನೈಲಾನ್ ದಾರಕ್ಕೆ ನೇತುಹಾಕಿದ ಒಂದು ಪುಟ್ಟ ಗುಂಡು, ಅಷ್ಟೇ.

ಇಷ್ಟು ಹಗುರ ಯಾಕೆ ಮಾಡಿದರು? 70ರ ದಶಕದಲ್ಲಿ ಎಲ್ಲರಿಗೂ ಒಂದೇ ಹುಚ್ಚು, ಮುಳ್ಳು ರೆಕಾರ್ಡ್ ಮೇಲೆ ಒತ್ತುವ ಭಾರ ಇಳಿಸುವುದು. ಶೂರ್ ವಿ15 ಟೈಪ್ 3 ಥರದ ಕಾರ್ಟ್ರಿಜ್‌ಗಳು ಒಂದು ಗ್ರಾಂ ಆಸುಪಾಸಿನಲ್ಲೇ ಓಡುತ್ತಿದ್ದವು. ಅವುಗಳ ಮುಳ್ಳು ಹಿಡಿದಿರುವ ರಬ್ಬರ್ ಬಹಳ ಮೆತ್ತಗೆ, ಅದಕ್ಕೆ ಹಗುರ ಆರ್ಮ್ ಬೇಕಿತ್ತು. ಈ ಆರ್ಮ್‌ನ ಎಫೆಕ್ಟಿವ್ ಮಾಸ್ ಬರೀ 6.5 ಗ್ರಾಂ. ಎಫೆಕ್ಟಿವ್ ಮಾಸ್ ಅಂದರೆ ತಕ್ಕಡಿಗೆ ಹಾಕಿದರೆ ಬರುವ ತೂಕ ಅಲ್ಲ, ಆರ್ಮ್ ಅಲ್ಲಾಡುವಾಗ ಮುಳ್ಳಿಗೆ ಎಷ್ಟು ಭಾರ ಅನಿಸುತ್ತದೋ ಅದು.

ಜೋಡಿ ಹೊಂದಿಸುವುದು ಅಂದರೆ ನಿಜವಾಗಿ ಇದೊಂದೇ ವಿಷಯ. ಆರ್ಮ್ ಮತ್ತು ಕಾರ್ಟ್ರಿಜ್ ಸೇರಿದ ಭಾರ ಒಂದು ಕಡೆ, ಮುಳ್ಳಿನ ಬುಡದ ರಬ್ಬರ್‌ನ ಮೆದುತನ ಇನ್ನೊಂದು ಕಡೆ. ಎರಡೂ ಸೇರಿ ಸ್ಪ್ರಿಂಗಿಗೆ ಕಟ್ಟಿದ ಕಲ್ಲಿನ ಹಾಗೆ ಒಂದು ಲಯದಲ್ಲಿ ಕುಣಿಯುತ್ತವೆ. ಆ ಕುಣಿತ ಸೆಕೆಂಡಿಗೆ 8ರಿಂದ 12 ಸಲ, ಅಂದರೆ 8ರಿಂದ 12 ಹರ್ಟ್ಸ್ ನಡುವೆ ಬಂದರೆ ಒಳ್ಳೆಯದು. ಅದಕ್ಕಿಂತ ಕೆಳಗೆ ಹೋದರೆ ಸೊಟ್ಟ ರೆಕಾರ್ಡ್‌ನ ಏರಿಳಿತವೇ ಆರ್ಮ್ ಅನ್ನು ಕುಣಿಸುತ್ತದೆ. ಜಾಸ್ತಿ ಮೇಲೆ ಹೋದರೆ ಸಂಗೀತ ಶುರುವಾಗುವ 20 ಹರ್ಟ್ಸ್ ಕಡೆಗೆ ಸರಿಯುತ್ತದೆ, ಬೇಸ್ ಕೆಡುತ್ತದೆ. ಲೆಕ್ಕ ಸುಲಭ: ಒಟ್ಟು ಗ್ರಾಂ ಮತ್ತು ಕಂಪ್ಲಯನ್ಸ್ (ಆ ರಬ್ಬರ್‌ನ ಮೆದುತನದ ಅಂಕಿ) ಗುಣಿಸಿ, ವರ್ಗಮೂಲ ತೆಗೆದು, 159 ಅನ್ನು ಅದರಿಂದ ಭಾಗಿಸಿ. ಮೊಬೈಲ್ ಕ್ಯಾಲ್ಕುಲೇಟರ್ ಸಾಕು.

2ಎಂ ಬ್ಲೂ ತೂಕ 7.2 ಗ್ರಾಂ, ಕಂಪ್ಲಯನ್ಸ್ 20. ಆರ್ಮ್‌ನ 6.5 ಮತ್ತು ಸ್ಕ್ರೂಗಳಿಗೆ ಒಂದು ಗ್ರಾಂ ಸೇರಿಸಿದರೆ ಒಟ್ಟು 14.7. ಉತ್ತರ 9.3 ಹರ್ಟ್ಸ್ ಆಸುಪಾಸು. ಸರಿಯಾಗಿ ನಡುಮಧ್ಯ. ಕಾಗದದ ಲೆಕ್ಕ ನಂಬದವರು ಹೈ-ಫೈ ನ್ಯೂಸ್‌ನವರ ಟೆಸ್ಟ್ ಎಲ್‌ಪಿ ಹಾಕಿ ನೋಡಬಹುದು. ಅದರಲ್ಲಿ ಇದಕ್ಕಂತಲೇ ಟ್ರ್ಯಾಕ್‌ಗಳಿವೆ, ಹರ್ಟ್ಸ್ ಇಳಿಯುತ್ತಾ ಬರುತ್ತದೆ, ಸರಿಯಾದ ಜಾಗ ಬಂದಾಗ ಕಾರ್ಟ್ರಿಜ್ ಕಣ್ಣಿಗೆ ಕಾಣುವ ಹಾಗೆ ನಡುಗುತ್ತದೆ. ನನ್ನದು 9ರ ಹತ್ತಿರ ನಡುಗಿ ಮುಂದಿನ ಟೋನ್‌ಗೆ ತೆಪ್ಪಗಾಯಿತು.

ಇನ್ನು ಡೆನಾನ್ ಡಿಎಲ್-103 ಕಾರ್ಟ್ರಿಜ್. ಇದರ ಹೆಸರೆತ್ತದೆ ಹಳೇ ಟರ್ನ್‌ಟೇಬಲ್ ಮಾತು ಮುಗಿಯುವುದೇ ಇಲ್ಲ ಅಲ್ವಾ. ಜಪಾನಿನ ರೇಡಿಯೊ ಸಂಸ್ಥೆ ಎನ್‌ಎಚ್‌ಕೆಗಾಗಿ 60ರ ದಶಕದಲ್ಲಿ ಮಾಡಿದ್ದು, ಇಂದಿಗೂ ತಯಾರಾಗುತ್ತಿದೆ, ಅದರ ದನಿ ನನಗೂ ತುಂಬಾ ಇಷ್ಟ. ಗೆಳೆಯರೊಬ್ಬರು ತಂದುಕೊಟ್ಟರು ಅಂತ ಈ ಆರ್ಮ್‌ಗೆ ಕಟ್ಟಿ ಕೇಳಿದೆವು. ಅದರ ತೂಕ 8.5 ಗ್ರಾಂ, ಕಂಪ್ಲಯನ್ಸ್ 5. ಹುಷಾರು, ಆ 5 ಜಪಾನಿನವರ ಅಳತೆ, 100 ಹರ್ಟ್ಸ್‌ನಲ್ಲಿ ಅಳೆದದ್ದು. ನಮ್ಮ ಲೆಕ್ಕಕ್ಕೆ ಬೇಕಾದದ್ದು 10 ಹರ್ಟ್ಸ್‌ನ ಅಂಕಿ, ಅದಕ್ಕೆ ಅಂದಾಜು ಒಂದೂವರೆಯಿಂದ ಎರಡು ಪಟ್ಟು ಮಾಡಿಕೊಳ್ಳಬೇಕು. 9 ಅಂತ ಇಟ್ಟುಕೊಂಡರೂ 13 ಹರ್ಟ್ಸ್ ದಾಟುತ್ತದೆ. ಜೊತೆಗೆ ಅದಕ್ಕೆ 2.5 ಗ್ರಾಂ ಮುಳ್ಳಿನ ಭಾರ ಬೇಕು, ಈ ಆರ್ಮ್‌ನ ಸ್ಕೇಲ್ ಮುಗಿಯುವುದೇ 1.5ಕ್ಕೆ. ತಬಲಾದ ಎಡ ತೆಳ್ಳಗೆ ಕೇಳಿಸಿತು, ಜೋರು ಸ್ವರಗಳಲ್ಲಿ ಒಂದು ಗಡಸುತನ. ಬಿಗಿ ರಬ್ಬರ್‌ನ ಕಾರ್ಟ್ರಿಜ್ ತನ್ನ ನಡುಕವನ್ನೆಲ್ಲ ಆರ್ಮ್‌ಗೆ ದಾಟಿಸುತ್ತದೆ, ಸುಮ್ನೆ ಅಂಚಿನ ಮೇಲೆ ಕೂತ ಆರ್ಮ್ ಅದನ್ನು ತಡೆಯಲಾರದು. ಹೆಡ್‌ಶೆಲ್ ಮೇಲೆ ನಾಲ್ಕು ಗ್ರಾಂ ಹಿತ್ತಾಳೆ ಬಿಲ್ಲೆ ಇಟ್ಟರೆ 12ಕ್ಕೆ ಇಳಿಯುತ್ತದೆ, ಹಾಗೆ ಮಾಡುವವರೂ ಇದ್ದಾರೆ. ನನ್ನ ಪ್ರಕಾರ ಹಗುರ ಅಂತಲೇ ಮಾಡಿದ ಆರ್ಮ್‌ಗೆ ತೂಕ ಕಟ್ಟುವುದು ಹುಚ್ಚಾಟ. ಡಿಎಲ್-103 ಬೇಕೇ ಬೇಕು ಅಂದರೆ ಹಳೇ ಥೋರೆನ್ಸ್ ಟಿಡಿ 160 ಹುಡುಕಿ, ಮೊದಲ ಮಾದರಿ, ಅದರ ಟಿಪಿ16 ಆರ್ಮ್ 16.5 ಗ್ರಾಂ. ಅಲ್ಲಿ ಇದೇ ಕಾರ್ಟ್ರಿಜ್ 10 ಹರ್ಟ್ಸ್ ಹತ್ತಿರ ಬಂದು ಕೂರುತ್ತದೆ. ಅದೇ ಆರ್ಮ್‌ಗೆ 2ಎಂ ಬ್ಲೂ ಹಾಕಿದರೆ 7ಕ್ಕೆ ಇಳಿಯುತ್ತದೆ.

ಈ 7 ಅಂದರೆ ಏನು ಅಂತ ನೋಡಬೇಕಾದರೆ ಸ್ಪೀಕರ್ ಮುಂದಿನ ಬಟ್ಟೆ ತೆಗೆದು ವೂಫರ್, ಅಂದರೆ ಬೇಸ್ ನುಡಿಸುವ ದೊಡ್ಡ ಕೋನ್, ನೋಡಿ. ಶಬ್ದವೇ ಇಲ್ಲದ ಜಾಗದಲ್ಲೂ ಕೋನ್ ಒಳಗೆ ಹೊರಗೆ ಉಸಿರಾಡುತ್ತಿದ್ದರೆ ಜೋಡಿ ಕೂಡಿಲ್ಲ ಅಂತಲೇ. ನಮ್ಮ ಕಡೆಯವರಿಗೆ ಇದು ಜಾಸ್ತಿ ಮುಖ್ಯ. ಅಟ್ಟದ ಮೇಲೆ ಬೇಸಿಗೆ ಮೇಲೆ ಬೇಸಿಗೆ ಬೆಂದ, ಒಂದರ ಮೇಲೊಂದು ಮಲಗಿಸಿಟ್ಟ ಎಲ್‌ಪಿಗಳಲ್ಲವೇ ನಮಗೆ ಸಿಗುವುದು, ನೆಟ್ಟಗಿರುವುದೇ ಅಪರೂಪ. ನನ್ನ ಹತ್ತಿರದ ಮಲ್ಲಿಕಾರ್ಜುನ ಮನ್ಸೂರರ ಒಂದು ಎಚ್‌ಎಂವಿ ಎಲ್‌ಪಿ ಅಂಚಿನಲ್ಲಿ ಹಪ್ಪಳ. 2ಎಂ ಬ್ಲೂ ಅದರ ಮೇಲೆ ಏರಿ ಇಳಿದು ಹೋಗುತ್ತದೆ, ದನಿ ಮಾತ್ರ ಅಲುಗುವುದಿಲ್ಲ.

ಜೋಡಿಸುವ ಕೆಲಸಕ್ಕೆ ತಾಳ್ಮೆ ಬೇಕು. ಹೆಡ್‌ಶೆಲ್ ಬಿಚ್ಚಲು ಬಾರದ ಕಾರಣ ಎಲ್ಲವನ್ನೂ ಟರ್ನ್‌ಟೇಬಲ್ ಮೇಲೇ ಬಗ್ಗಿ ಮಾಡಬೇಕು. ನಾಲ್ಕು ತಂತಿಗಳು ಕೂದಲಿನಷ್ಟು ತೆಳು: ಕೆಂಪು, ಹಸಿರು ಬಲಕ್ಕೆ, ಬಿಳಿ, ನೀಲಿ ಎಡಕ್ಕೆ. ಹಳೇ ತಂತಿ, ಎಳೆದರೆ ಬೆಸುಗೆ ಬಿಟ್ಟೇ ಬಿಡುತ್ತದೆ, ತಂತಿ ಹಿಡಿಯಬೇಡಿ, ತುದಿಯ ಕ್ಲಿಪ್ ಅನ್ನೇ ಚಿಮಟದಲ್ಲಿ ಹಿಡಿಯಿರಿ. 2ಎಂನ ಮೈಯಲ್ಲೇ ಸ್ಕ್ರೂ ತಿರುಗಿ ಕೂರುವ ಮರೆ ಇದೆ, ನಟ್ ಬೇಕಾಗಿಲ್ಲ, ಇದು ದೊಡ್ಡ ಉಪಕಾರ. ಹೆಡ್‌ಶೆಲ್‌ನಲ್ಲಿ ಹಿಂದೆ ಮುಂದೆ ಸರಿಸುವ ಜಾಗ ಇಲ್ಲ, ಬದಲಿಗೆ ಆರ್ಮ್‌ನ ಬುಡವೇ ಹಳಿಯ ಮೇಲೆ ಜಾರುತ್ತದೆ. ಎರಡು ಬೋಲ್ಟ್ ಸಡಿಲ ಮಾಡಿ, ಪ್ರೊಟ್ರಾಕ್ಟರ್ (ಮುಳ್ಳಿನ ಜಾಗ ಗುರುತು ಮಾಡಿದ ಅಳತೆ ಹಾಳೆ) ಇಟ್ಟು, ಮುಳ್ಳು ಚುಕ್ಕಿಗೆ ಬರುವ ತನಕ ಜಾರಿಸಿ ಬಿಗಿ ಮಾಡಿದರೆ ಮುಗಿಯಿತು. ಎಷ್ಟೋ ಹೊಸ ಆರ್ಮ್‌ಗಳಿಗಿಂತ ಇದೇ ಸಲೀಸು.

ಭಾರದ್ದೊಂದು ಸಣ್ಣ ತಕರಾರು ಇದೆ. 2ಎಂ ಬ್ಲೂ ಕೇಳುವುದು 1.8 ಗ್ರಾಂ, ಆರ್ಮ್‌ನ ಸ್ಕೇಲ್ ಅಷ್ಟು ದೂರ ಹೋಗುವುದಿಲ್ಲ ಅಂತ ಹೇಳಿದೆನಲ್ಲ. ಹಿಂದಿನ ದೊಡ್ಡ ತೂಕವನ್ನು ಒಂಚೂರು ಮುಂದಕ್ಕೆ ತಂದು, ಮುಳ್ಳಿನ ಕೆಳಗೆ ಡಿಜಿಟಲ್ ತಕ್ಕಡಿ ಇಟ್ಟು 1.8 ಮಾಡಿಕೊಳ್ಳಿ. ಆ ತಕ್ಕಡಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಆರ್ಮ್ ಮೇಲಿನ ಗೆರೆಗಿಂತ ಅದನ್ನೇ ನಂಬಿ.

ದನಿ ವಿಷಯಕ್ಕೆ ಬರೋಣ. ಗಂಗೂಬಾಯಿ ಹಾನಗಲ್ ಅವರ ಗಂಟಲು ತುಂಬಿದ ದನಿ, ಹಿಂದೆ ತಂಬೂರಿ. ಅಗ್ಗದ ಕಾರ್ಟ್ರಿಜ್‌ಗಳಲ್ಲಿ ತಂಬೂರಿ ಒಂದು ಮಂಜಿನ ಹಾಗೆ ಹರಡಿಕೊಂಡಿರುತ್ತದೆ. ಇಲ್ಲಿ ತಂತಿ ತಂತಿಯೂ ಬಿಡಿಬಿಡಿ, ಜವಾರಿಯ ಝೇಂಕಾರ ಪೂರ್ತಿ. ಮನ್ಸೂರರು ತಾನ್ ತಗೊಳ್ಳುವಾಗ ಉಸಿರು ಎಳೆದುಕೊಳ್ಳುವುದು ಕೂಡ ಕೇಳಿಸುತ್ತದೆ. ಬೇಸ್ ಬಿಗಿಯಾಗಿದೆ, ಉಬ್ಬಿಲ್ಲ. ಮೇಲಿನ ಸ್ವರಗಳು ಸ್ವಲ್ಪ ಹೊಳಪು ಜಾಸ್ತಿ, ಇದು 2ಎಂ ಬ್ಲೂನ ಸ್ವಭಾವ, ಕೆಲವರಿಗೆ ಹಿಡಿಸುವುದಿಲ್ಲ. ಗೀಚಿದ, ಸವೆದ ರೆಕಾರ್ಡ್‌ಗಳೇ ಜಾಸ್ತಿ ಇದ್ದರೆ ಚಟಪಟ ಕೂಡ ಹೊಳೆಯುತ್ತದೆ. ಅದಕ್ಕೆ ಒಂದು ಉಪಾಯ: ಕಂಪನಿ ಹೇಳುವುದು ಕಪ್ಯಾಸಿಟೆನ್ಸ್ 150ರಿಂದ 300 ಪಿಕೊಫ್ಯಾರಡ್ ಇರಲಿ ಅಂತ, ಅದರಲ್ಲಿ ಕೇಬಲ್‌ನದೂ ಸೇರುತ್ತದೆ. ಉದ್ದದ ಹಳೇ ಕೇಬಲ್ ಜೊತೆಗೆ ಪ್ರೀಆಂಪ್‌ನಲ್ಲೂ ಜಾಸ್ತಿ ಇಟ್ಟರೆ ಮಿತಿ ದಾಟಿ ದನಿ ಕೀರಲಾಗುತ್ತದೆ. ಪ್ರೀಆಂಪ್‌ನಲ್ಲಿ ಸ್ವಿಚ್ ಇದ್ದರೆ ಕಡಿಮೆ ಕಡೆ ಇಡಿ.

ದುಡ್ಡಿನ ಮಾತು. ಬ್ಲೂ ಅದರ ತಮ್ಮ 2ಎಂ ರೆಡ್‌ಗಿಂತ ಸುಮಾರು ಎರಡು ಪಟ್ಟು ದುಬಾರಿ. ಎರಡರ ಮೈ ಒಂದೇ, ಮುಳ್ಳು ಮಾತ್ರ ಬೇರೆ. ಬ್ಲೂನಲ್ಲಿ ಇಡೀ ವಜ್ರದ ಚೂರನ್ನೇ ಕೂರಿಸಿದ್ದಾರೆ, ರೆಡ್‌ನಲ್ಲಿ ಲೋಹದ ಕಡ್ಡಿಯ ತುದಿಗೆ ಅಂಟಿಸಿದ ವಜ್ರ. ಹಾಗಾಗಿ ಈಗ ರೆಡ್ ತಗೊಂಡು, ಅದರ ಮುಳ್ಳು ಸವೆದಾಗ ಬ್ಲೂ ಮುಳ್ಳು ಚುಚ್ಚಿಕೊಂಡರೂ ಆಯಿತು. ತೂಕ, ಕಂಪ್ಲಯನ್ಸ್ ಎರಡಕ್ಕೂ ಅದೇ, ಲೆಕ್ಕ ಬದಲಾಗುವುದಿಲ್ಲ. ಇನ್ನೂ ಕಡಿಮೆಗೆ ಬೇಕು ಅನ್ನುವವರು ಆಡಿಯೊ-ಟೆಕ್ನಿಕಾ ವಿಎಂ95ಇ ಕೇಳುತ್ತಾರೆ. 6.1 ಗ್ರಾಂ, ಒಳ್ಳೆಯ ಕಾರ್ಟ್ರಿಜ್, ಆದರೆ ಈ ಆರ್ಮ್‌ನಲ್ಲಿ 12ರ ಗೆರೆ ಮೇಲೇ ನಿಲ್ಲುತ್ತದೆ. ನಡೆಯುತ್ತದೆ, ಆದರೆ ಹೇಳಿ ಮಾಡಿಸಿದ ಜೋಡಿ ಅಲ್ಲ. ಮನೆಯಲ್ಲಿ ಹಳೇ ಶೂರ್ ಮೈ ಇದ್ದರೆ ಎಸೆಯಬೇಡಿ. ಶೂರ್ 2018ರಲ್ಲಿ ಕಾರ್ಟ್ರಿಜ್ ಮಾಡುವುದನ್ನೇ ನಿಲ್ಲಿಸಿತು, ಆದರೆ ಜಪಾನಿನ ಜೈಕೋ ಕಂಪನಿ ಅದಕ್ಕೆ ಮುಳ್ಳು ಮಾಡುತ್ತದೆ.

ಆರ್ಮ್ ಇನ್ನೂ ತಗೊಳ್ಳಬೇಕಾದವರಿಗೆ ಒಂದು ಮಾತು. 2019ರ ಕೊನೆಗೆ ಎಸ್‌ಎಂಇ ಬಿಡಿ ಆರ್ಮ್ ಮಾರುವುದನ್ನೇ ಬಿಟ್ಟಿತು, ಹಾಗಾಗಿ ಹಳೆಯದಕ್ಕೆ ಬೇಡಿಕೆ ಏರಿದೆ. ಕೊಳ್ಳುವಾಗ ಹಿಂದಿನ ತೂಕ ಜೋತುಬಿದ್ದಿದೆಯಾ ನೋಡಿ. ಅಲ್ಲಿ ಒಳಗೆ ರಬ್ಬರ್ ಇದೆ, ವಯಸ್ಸಾದಂತೆ ಕರಗಿ ತೂಕ ಕೆಳಕ್ಕೆ ಬಾಗುತ್ತದೆ. ನನ್ನದಕ್ಕೂ ಬದಲಿಸಬೇಕಾಯಿತು, ಬಿಡಿಭಾಗ ಸಿಗುತ್ತದೆ. ಹೆಡ್‌ಶೆಲ್ ಬಿಚ್ಚಲು ಬರುವ ಇಂಪ್ರೂವ್ಡ್ ಕೂಡ ಇದೆ, ಅದರ ಮಾಸ್ 9.5 ಗ್ರಾಂ. ಅದಕ್ಕೂ 2ಎಂ ಬ್ಲೂ 8.5 ಹರ್ಟ್ಸ್ ಹತ್ತಿರ ಬರುತ್ತದೆ, ಆಗಾಗ ಕಾರ್ಟ್ರಿಜ್ ಬದಲಿಸುವ ಚಟ ಇರುವವರು ಅದನ್ನೇ ಹುಡುಕಿ.