ಯಕ್ಷಗಾನ ವಿಡಿಯೋಗಳಿಗೆ ಆಟೋಸ್ಕೇಲಿಂಗ್: ಎಚ್‌ಪಿಎ, ಬೋಟೋ3, ಕೇಡಾ ಮೂರನ್ನೂ ಬಳಸಿ ನೋಡಿದ ಮೇಲೆ

ಮಂಗಳೂರಿನಲ್ಲಿ ನಾವು ಕೆಲವರು ಸೇರಿ ಯಕ್ಷಗಾನದ ವಿಡಿಯೋ ಸಂಗ್ರಹವೊಂದನ್ನು ನಡೆಸುತ್ತೇವೆ. ಆಟ ರೆಕಾರ್ಡ್ ಮಾಡುವ ಹವ್ಯಾಸ ಇರುವವರು ವಿಡಿಯೋ ಹಾಕುತ್ತಾರೆ. ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ ಅದನ್ನು ಮೊಬೈಲಿಗೂ ಟಿವಿಗೂ ಹೊಂದುವ ಹಾಗೆ ಬದಲಿಸುತ್ತದೆ. ನವೆಂಬರ್ ಹೊತ್ತಿಗೆ ಮೇಳಗಳು ತಿರುಗಾಟಕ್ಕೆ ಹೊರಟರೆ ಮೇ ಕೊನೆಗೆ ಬರುವ ಪತ್ತನಾಜೆವರೆಗೆ ಪುರುಸೊತ್ತಿಲ್ಲ. ರಾತ್ರಿ ಆಟ, ಬೆಳಗ್ಗೆ ಅಪ್‌ಲೋಡ್, ಅದೂ ಎಲ್ಲರದ್ದೂ ಒಟ್ಟಿಗೇ. ಮಧ್ಯಾಹ್ನಕ್ಕೆ ಕ್ಯೂ ಖಾಲಿ. ಮಳೆಗಾಲದಲ್ಲಿ ದಿನಗಟ್ಟಲೆ ಒಂದು ವಿಡಿಯೋವೂ ಬರುವುದಿಲ್ಲ. ಹೀಗಾಗಿ ಬೇಕಾದಾಗ ತಾನೇ ಹೆಚ್ಚಿ, ಬೇಡವಾದಾಗ ಸೊನ್ನೆಗೆ ಇಳಿಯುವ ವ್ಯವಸ್ಥೆ ನಮಗೆ ಬೇಕಿತ್ತು.

ಮೊದಲು ನೋಡಿದ್ದು, ಪ್ರೋಗ್ರಾಂಗಳನ್ನು ಹಲವು ಯಂತ್ರಗಳಲ್ಲಿ ಓಡಿಸುವ ಕುಬರ್ನೆಟೀಸ್ ಜೊತೆಗೇ ಬರುವ ಎಚ್‌ಪಿಎ (ಹಾರಿಜಾಂಟಲ್ ಪಾಡ್ ಆಟೋಸ್ಕೇಲರ್). ಇದು 15 ಸೆಕೆಂಡಿಗೊಮ್ಮೆ ಪಾಡ್‌ಗಳ (ಓಡುತ್ತಿರುವ ಪ್ರೋಗ್ರಾಂನ ಪ್ರತಿಗಳ) ಸರಾಸರಿ ಸಿಪಿಯು ನೋಡುತ್ತದೆ. ಗುರಿ ಶೇ. 70 ಎಂದು ಇಟ್ಟಿದ್ದೀರಿ, 4 ಪಾಡ್‌ಗಳು ಶೇ. 100ರಲ್ಲಿ ಓಡುತ್ತಿವೆ ಎಂದುಕೊಳ್ಳಿ. 4ನ್ನು 100ರಿಂದ ಗುಣಿಸಿ 70ರಿಂದ ಭಾಗಿಸಿ, ಮೇಲಿನ ಪೂರ್ಣಸಂಖ್ಯೆಗೆ ಏರಿಸಿ, 6 ಬೇಕು ಎನ್ನುತ್ತದೆ. ವೆಬ್ ಪುಟಗಳಿಗೆ ಈ ಲೆಕ್ಕ ಚೆನ್ನಾಗಿದೆ. ನಮ್ಮ ವೆಬ್‌ಸೈಟ್ ಇವತ್ತಿಗೂ ಇದರ ಮೇಲೇ ನಡೆಯುತ್ತಿದೆ. ಆದರೆ ಎಫ್‌ಎಫ್‌ಎಂಪೆಗ್ ಸಿಕ್ಕಿದಷ್ಟು ಸಿಪಿಯುವನ್ನು ಪೂರ್ತಿ ಬಳಸುತ್ತದೆ, ಅಲ್ವಾ? ಕ್ಯೂನಲ್ಲಿ ನೂರು ವಿಡಿಯೋ ಕಾಯುತ್ತಿದ್ದರೂ ಉತ್ತರ 6, ಕೈಯಲ್ಲಿರುವ ನಾಲ್ಕು ಬಿಟ್ಟು ಕಾಯುವುದು ಒಂದೂ ಇಲ್ಲದಿದ್ದರೂ ಉತ್ತರ 6. ಎಷ್ಟು ಕೆಲಸ ಬಾಕಿ ಇದೆ ಎಂಬುದು ಸಿಪಿಯು ನೋಡಿದರೆ ತಿಳಿಯುವುದೇ ಇಲ್ಲ.

ಇಳಿಸುವಾಗ ಇನ್ನೂ ಕಷ್ಟ. 5 ನಿಮಿಷ ಕಾದು ಎಚ್‌ಪಿಎ ಸಂಖ್ಯೆ ಕಡಿಮೆ ಮಾಡುತ್ತದೆ. ಯಾವ ಪಾಡ್ ಕೆಲಸದ ಮಧ್ಯೆ ಇದೆ ಎಂದು ನೋಡುವುದಿಲ್ಲ. ನಾವೇ ಹೆಚ್ಚಿಸದಿದ್ದರೆ, ಪಾಡ್‌ಗೆ ಮುಗಿಸಲು ಸಿಗುವುದು 30 ಸೆಕೆಂಡ್. ರಾತ್ರಿಯಿಡೀ ನಡೆದ ಆಟದ ವಿಡಿಯೋ ಮುಕ್ಕಾಲು ಮುಗಿದಿದ್ದರೂ ಮತ್ತೆ ಮೊದಲಿನಿಂದ ಶುರು. "ಬೆಳಗ್ಗೆಯೇ ಹಾಕಿದ್ದೇನೆ ಮಾರಾಯ್ರೆ, ಇನ್ನೂ ಬರ್ಲಿಲ್ಲ" ಎಂಬ ಫೋನ್ ಬಂದಾಗ ಹೇಳಲು ಉತ್ತರ ಇರುವುದಿಲ್ಲ. ನಿದ್ದೆಗೆಟ್ಟು ರೆಕಾರ್ಡ್ ಮಾಡಿದವರು ಅವರು.

ಎರಡನೆಯದು ಬೋಟೋ3, ಅಂದರೆ ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯುಎಸ್‌ನ ಪೈಥಾನ್ ಲೈಬ್ರರಿ. ನಿಮಿಷಕ್ಕೊಮ್ಮೆ ಓಡುವ ಚಿಕ್ಕ ಸ್ಕ್ರಿಪ್ಟ್ ಎಡಬ್ಲ್ಯುಎಸ್‌ನ ಕ್ಯೂ ಸೇವೆ ಎಸ್‌ಕ್ಯೂಎಸ್‌ನಲ್ಲಿರುವ ಕ್ಯೂನ ಉದ್ದ ನೋಡಿ, ಆಟೋಸ್ಕೇಲಿಂಗ್ ಗ್ರೂಪ್‌ನಲ್ಲಿ (ಒಟ್ಟಿಗೆ ಹೆಚ್ಚಿಸಿ ಇಳಿಸುವ ಯಂತ್ರಗಳ ಗುಂಪು) ಎಷ್ಟು ಯಂತ್ರ ಬೇಕೆಂದು ಹೇಳುತ್ತದೆ. ಕುಬರ್ನೆಟೀಸ್ ಬೇಕಾಗಿಲ್ಲ. ಕೋಡ್ ಒಂದೇ ಪುಟದಲ್ಲಿ ಮುಗಿಯುತ್ತದೆ, ಓದಿದ ಯಾರಿಗೂ ಅರ್ಥವಾಗುತ್ತದೆ. ನನಗೆ ಇದು ತುಂಬಾ ಇಷ್ಟವಾಯಿತು.

ಆದರೆ ಎಚ್ಚರ ಜಾಸ್ತಿ ಬೇಕು. ಕ್ಯೂನಲ್ಲಿ ಕಾಯುತ್ತಿರುವವುಗಳ ಲೆಕ್ಕ ಬೇರೆ, ವರ್ಕರ್ (ವಿಡಿಯೋ ಬದಲಿಸುವ ಪ್ರೋಗ್ರಾಂ) ಕೈಗೆತ್ತಿಕೊಂಡವುಗಳ ಲೆಕ್ಕ ಬೇರೆ. ಎರಡನ್ನೂ ಕೂಡಿಸಲೇಬೇಕು. ಬರೀ ಮೊದಲನೆಯದನ್ನು ನೋಡಿದರೆ, ಕೊನೆಯ ವಿಡಿಯೋಗಳು ತಯಾರಾಗುತ್ತಿರುವಾಗಲೇ ಸ್ಕ್ರಿಪ್ಟ್ ಯಂತ್ರಗಳನ್ನು ನಿಲ್ಲಿಸಿಬಿಡುತ್ತದೆ. ಕೆಲಸದಲ್ಲಿರುವ ಯಂತ್ರಕ್ಕೆ ಸ್ಕೇಲ್-ಇನ್ ರಕ್ಷಣೆಯನ್ನೂ (ಸಂಖ್ಯೆ ಇಳಿಸುವಾಗ ಅದನ್ನು ನಿಲ್ಲಿಸದಂತೆ ತಡೆ) ಕೋಡ್‌ನಲ್ಲಿ ನಾವೇ ಹಾಕಬೇಕು.

ಮೂರನೆಯದು ಕೇಡಾ, ಕುಬರ್ನೆಟೀಸ್‌ಗೆ ಸೇರಿಸಿಕೊಳ್ಳುವ ಆಟೋಸ್ಕೇಲರ್. 2019ರಲ್ಲಿ ಮೈಕ್ರೋಸಾಫ್ಟ್ ಮತ್ತು ರೆಡ್ ಹ್ಯಾಟ್ ಸೇರಿ ಶುರು ಮಾಡಿದ್ದು. ಇದು ಸಿಪಿಯು ಬದಲು ಕ್ಯೂವನ್ನೇ ನೋಡುತ್ತದೆ. ಕೈಗೆತ್ತಿಕೊಂಡ ಕೆಲಸಗಳನ್ನೂ ತಾನಾಗಿಯೇ ಲೆಕ್ಕಕ್ಕೆ ಸೇರಿಸುತ್ತದೆ. ಇದರಲ್ಲಿರುವ ಸ್ಕೇಲ್ಡ್‌ಜಾಬ್ ನಮ್ಮಂಥ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಒಂದು ವಿಡಿಯೋಗೆ ಒಂದು ಜಾಬ್. ಅದು ಮುಗಿಯುವವರೆಗೆ ಕೇಡಾ ಮುಟ್ಟುವುದಿಲ್ಲ, ಮುಗಿದ ಮೇಲೆ ತಾನೇ ಹೋಗುತ್ತದೆ. ಕ್ಯೂ ಖಾಲಿಯಾದರೆ ಪಾಡ್ ಸೊನ್ನೆ. ಕ್ಯೂ ನೋಡುವುದು 30 ಸೆಕೆಂಡಿಗೊಮ್ಮೆ. ಗಂಟೆಗಟ್ಟಲೆ ನಡೆಯುವ ಕೆಲಸಕ್ಕೆ ಅಷ್ಟು ತಡ ಲೆಕ್ಕಕ್ಕಿಲ್ಲ.

ಕೇಡಾ ಪಾಡ್ ಮಾತ್ರ ಕೊಡುತ್ತದೆ, ಅದು ಓಡಲು ಯಂತ್ರ ಬೇಕಲ್ಲ. ಅದಕ್ಕೆ ಕಾರ್ಪೆಂಟರ್ ಎಂಬ ಇನ್ನೊಂದು ತಂತ್ರಾಂಶ ಹಾಕಿದ್ದೇವೆ. ಕಾಯುತ್ತಿರುವ ಪಾಡ್‌ಗೆ ಎಷ್ಟು ಸಿಪಿಯು, ಮೆಮೊರಿ ಬೇಕೆಂದು ನೋಡಿ ಅಂಥದ್ದೇ ಯಂತ್ರ ತರುತ್ತದೆ.

ಖರ್ಚಿನ ವಿಷಯದಲ್ಲಿ ಮಾತ್ರ ಕೇಡಾ ಹಿಂದೆ. ಪಾಡ್ ಸೊನ್ನೆಯಾದರೂ ಇಕೆಎಸ್ (ಎಡಬ್ಲ್ಯುಎಸ್ ನಡೆಸುವ ಕುಬರ್ನೆಟೀಸ್) ಕ್ಲಸ್ಟರ್‌ಗೆ ಗಂಟೆಗೆ 0.10 ಡಾಲರ್ ಕಟ್ಟಲೇಬೇಕು, ತಿಂಗಳಿಗೆ ಸುಮಾರು 73 ಡಾಲರ್. ಮಳೆಗಾಲವಿಡೀ ಸುಮ್ನೆ ಹೋಗುವ ದುಡ್ಡು. ಆಟೋಸ್ಕೇಲಿಂಗ್ ಗ್ರೂಪ್‌ಗೆ ಪ್ರತ್ಯೇಕ ಶುಲ್ಕ ಇಲ್ಲ, ಯಂತ್ರ ಸೊನ್ನೆಯಾದರೆ ಯಂತ್ರದ ಬಿಲ್ಲೂ ಸೊನ್ನೆ. ನಮ್ಮ ವೆಬ್‌ಸೈಟ್ ಹೇಗೂ ಕ್ಲಸ್ಟರ್‌ನಲ್ಲೇ ಇರುವುದರಿಂದ ನಾವು ಕೇಡಾ ಉಳಿಸಿಕೊಂಡೆವು. ಉಡುಪಿಯಲ್ಲಿ ತಾಳಮದ್ದಳೆಯ ಆಡಿಯೋ ಸಂಗ್ರಹಿಸುವ ಗೆಳೆಯರೊಬ್ಬರಿಗೆ ಈ ಕೆಲಸ ಬಿಟ್ಟರೆ ಬೇರೇನೂ ಇಲ್ಲ. ಅವರಿಗೆ ಬೋಟೋ3 ಸ್ಕ್ರಿಪ್ಟನ್ನೇ ಕೊಟ್ಟಿದ್ದೇನೆ.

ಬೋಟೋ3, ಕೇಡಾ ಎರಡರಲ್ಲಿ ಯಾವುದನ್ನು ಹಾಕಿದರೂ ಎಸ್‌ಕ್ಯೂಎಸ್‌ನ ವಿಸಿಬಿಲಿಟಿ ಟೈಮ್‌ಔಟ್ (ಒಬ್ಬ ವರ್ಕರ್ ಕೈಗೆತ್ತಿಕೊಂಡ ಕೆಲಸ ಬೇರೆಯವರಿಗೆ ಕಾಣದಿರುವ ಅವಧಿ) ಹೆಚ್ಚಿಸಿಕೊಳ್ಳಿ. ಮೊದಲೇ ಇರುವುದು 30 ಸೆಕೆಂಡ್, ಗರಿಷ್ಠ 12 ಗಂಟೆ. ಅದು ಕಡಿಮೆಯಿದ್ದರೆ ಒಂದೇ ವಿಡಿಯೋ ಇಬ್ಬರು ವರ್ಕರ್‌ಗಳ ಕೈಗೆ ಹೋಗುತ್ತದೆ.